ಸಿಲ್ಹೆಟ್ಟಿನ ನಾವಿಕರ ಈರುಳ್ಳಿ ಕೊಳಗ

ಬ್ರಿಟನ್ನಿನ ಯಾವುದೇ ಹಳೆಯ ಕರಿ ಹೌಸಿನ ಮೆನು ತೆರೆದರೂ ಅದರಲ್ಲಿ ಇಡೀ ಉಪಖಂಡವೇ ಸಿಗುತ್ತದೆ. ಕಾಶ್ಮೀರದ ರೋಗನ್ ಜೋಶ್, ಮೊಗಲರ ಕೊರ್ಮಾ, ಪಾರ್ಸಿಗಳ ಧನಸಾಕ್, ಗೋವಾದ ವಿಂದಾಲು, ಮದ್ರಾಸಿನ ಹೆಸರು ಹೊತ್ತ ಖಾರದ ಕರಿ, ಜೊತೆಗೆ ಭುನಾ, ದೋಪಿಯಾಜಾ, ಪಾತಿಯಾ, ಜಾಲ್‌ಫ್ರೇಜಿ. ಇವನ್ನೆಲ್ಲ ಕೋಳಿ, ಕುರಿ, ಸೀಗಡಿ, ತರಕಾರಿ ಎಂದು ವಿಂಗಡಿಸಿದರೆ ಪಟ್ಟಿ ಮೂವತ್ತು ದಾಟುತ್ತದೆ. ಅಡುಗೆಮನೆಯಲ್ಲಿ ಮಾತ್ರ ಇಬ್ಬರೋ ಮೂವರೋ ಇರುತ್ತಾರೆ. ಆದರೂ ಆರ್ಡರ್ ಕೊಟ್ಟ ಸ್ವಲ್ಪ ಹೊತ್ತಿಗೆ ಬಿಸಿಬಿಸಿ ಕರಿ ಮೇಜಿಗೆ ಬರುತ್ತದೆ. ಒಲೆಯ ಮಗ್ಗುಲಲ್ಲಿ ಸದಾ ಬಿಸಿಯಾಗಿರುವ ಒಂದು ದೊಡ್ಡ ಕೊಳಗ ಇದನ್ನೆಲ್ಲ ಸಾಧ್ಯ ಮಾಡುತ್ತದೆ. ಅದರ ತುಂಬ ತೆಳ್ಳಗಿನ, ಹಳದಿ ಬಣ್ಣದ, ಸಪ್ಪೆ ಎನ್ನಿಸುವಷ್ಟು ಸೌಮ್ಯವಾದ ಈರುಳ್ಳಿ ರಸ. ಅಲ್ಲಿನವರು ಅದನ್ನು ಬೇಸ್ ಗ್ರೇವಿ ಎನ್ನುತ್ತಾರೆ.

ಈ ಕೊಳಗವನ್ನು ಹಗುರವಾಗಿ ಕಂಡವರು ಬಹಳ ಮಂದಿ. ಎಲ್ಲಕ್ಕೂ ಒಂದೇ ರಸ ಸುರಿದು ಹೆಸರು ಮಾತ್ರ ಬದಲಾಯಿಸುತ್ತಾರೆ ಎಂಬ ದೂರು ಭಾರತದಿಂದ ಹೋದವರ ಬಾಯಲ್ಲಿ ಮೊದಲಿನಿಂದಲೂ ಇದೆ. ಆದರೆ ಈ ರಸ ಹುಟ್ಟಿದ ಸನ್ನಿವೇಶವನ್ನು ನೋಡಿದರೆ ಆ ದೂರು ನಿಲ್ಲುವುದಿಲ್ಲ. ಅಡುಗೆ ಕಸುಬಿನ ಮನೆತನದವರಲ್ಲದ, ಕೈಯಲ್ಲಿ ಬಂಡವಾಳವಿಲ್ಲದ ಜನ ಪರದೇಶದ ಇಕ್ಕಟ್ಟಾದ ಅಡುಗೆಮನೆಯಲ್ಲಿ ನಿಂತು ಕಂಡುಕೊಂಡ ದಾರಿ ಇದು. ಇಪ್ಪತ್ತನೆಯ ಶತಮಾನದ ಹೋಟೆಲ್ ಅಡುಗೆಯಲ್ಲಿ ಇಷ್ಟು ಜಾಣತನದ ಪದ್ಧತಿಗಳು ಹೆಚ್ಚಿಲ್ಲ.

ಬ್ರಿಟಿಷರಿಗೆ ಕರಿಯ ರುಚಿ ಹತ್ತಿದ್ದು ಇದಕ್ಕೂ ಎಷ್ಟೋ ಮೊದಲು. 1747ರಲ್ಲಿ ಹಾನಾ ಗ್ಲಾಸ್ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೇ ಕರಿ ಮಾಡುವ ವಿಧಾನವಿದೆ. ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಕೊನೆಗೆ ಲಂಡನ್ನಿಗೆ ಬಂದ ಶೇಖ್ ದೀನ್ ಮಹಮದ್ 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಹತ್ತಿರ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಹುಕ್ಕಾ, ಬೆತ್ತದ ಕುರ್ಚಿ, ಭಾರತದ ಊಟ ಎಲ್ಲವೂ ಅಲ್ಲಿದ್ದವು. ಆದರೆ ಭಾರತದಲ್ಲಿ ಹಣ ಮಾಡಿಕೊಂಡು ಮರಳಿದ್ದ ಸಾಹೇಬರ ಮನೆಗಳಲ್ಲಿ ಅವರದೇ ಅಡುಗೆಯವರಿದ್ದರು, ಹೊರಗೆ ಹೋಗಿ ಉಣ್ಣುವ ಗರಜು ಅವರಿಗಿರಲಿಲ್ಲ. 1812ಕ್ಕೆ ದೀನ್ ಮಹಮದ್ ದಿವಾಳಿಯಾದ. ನೂರು ವರ್ಷ ದಾಟಿದ ಮೇಲೆ, 1926ರಲ್ಲಿ, ಎಡ್ವರ್ಡ್ ಪಾಮರ್ ರೀಜೆಂಟ್ ಸ್ಟ್ರೀಟಿನಲ್ಲಿ ಆರಂಭಿಸಿದ ವೀರಸ್ವಾಮಿ ರೆಸ್ಟೋರೆಂಟ್ ನೆಲೆ ನಿಂತಿತು. ಅಲ್ಲಿಗೆ ಬರುತ್ತಿದ್ದವರು ಸಿರಿವಂತರು, ಅಧಿಕಾರಿಗಳು, ರಾಜಮನೆತನದವರು. ನಿಧಾನವಾಗಿ ಬೇಯಿಸಿ ಬಡಿಸಲು ಅಲ್ಲಿ ಕೈತುಂಬ ಆಳುಗಳಿದ್ದರು.

ಬೇಸ್ ಗ್ರೇವಿ ಬಂದದ್ದು ಇನ್ನೊಂದು ದಾರಿಯಿಂದ, ಹಡಗಿನ ಎಂಜಿನ್ ಕೋಣೆಯಿಂದ.

ಇಂದಿನ ಬಾಂಗ್ಲಾದೇಶದ ಈಶಾನ್ಯ ಮೂಲೆಯ ಸಿಲ್ಹೆಟ್ 1874ರಲ್ಲಿ ಅಸ್ಸಾಮಿಗೆ ಸೇರಿತ್ತು. ನದಿ, ತಗ್ಗು ಭೂಮಿ, ಮಳೆ ಬಂದರೆ ಊರೂರೇ ನೀರು. ಅಲ್ಲಿನ ಸಣ್ಣ ಹಿಡುವಳಿಯ ಮನೆಗಳ ಗಂಡುಮಕ್ಕಳು ದೋಣಿ ಹತ್ತಿ ಕಲ್ಕತ್ತೆಗೆ ಬಂದು ಬ್ರಿಟಿಷ್ ಉಗಿಹಡಗುಗಳಿಗೆ ಸೇರುತ್ತಿದ್ದರು. ಲಸ್ಕರ್ ಎಂದು ಕರೆಸಿಕೊಳ್ಳುತ್ತಿದ್ದ ಈ ನಾವಿಕರಲ್ಲಿ ಸಿಲ್ಹೆಟ್ಟಿನವರ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸ. ಕಲ್ಲಿದ್ದಲು ಹೊರುವವನು ಕೊಯ್ಲಾವಾಲಾ, ಬೆಂಕಿ ನೋಡಿಕೊಳ್ಳುವವನು ಆಗ್‌ವಾಲಾ, ಎಲ್ಲರ ಮೇಲೆ ಯಜಮಾನಿಕೆ ಸಾರಂಗನದು, ಊಟ ಬೇಯಿಸುವವನು ಭಂಡಾರಿ. ಬಿಳಿಯ ನಾವಿಕರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ, ಉಸಿರುಗಟ್ಟುವ ಸೆಕೆಯಲ್ಲಿ ದುಡಿಯಬೇಕಾದ ಬದುಕು. ಲಂಡನ್, ಲಿವರ್‌ಪೂಲ್, ಕಾರ್ಡಿಫ್ ಬಂದರುಗಳಲ್ಲಿ ಹಡಗು ನಿಂತಾಗ ಕೆಲವರು ಇಳಿದು ಹೋಗಿ ಮತ್ತೆ ಹತ್ತುತ್ತಿರಲಿಲ್ಲ.

ಹೀಗೆ ಹಡಗು ಬಿಟ್ಟ ನಾವಿಕರಲ್ಲಿ ಅಯೂಬ್ ಅಲಿ ಮಾಸ್ಟರ್ ಒಬ್ಬರು. ಪೂರ್ವ ಲಂಡನ್ನಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವರು ನಡೆಸುತ್ತಿದ್ದ ಶಾ ಜಲಾಲ್ ಕಾಫಿ ಹೌಸ್, ಹಡಗು ಬಿಟ್ಟು ಬಂದ ಹುಡುಗರಿಗೆ ಊಟದ ಮನೆಯೂ ಆಗಿತ್ತು, ವಿಳಾಸವೂ ಆಗಿತ್ತು. ಕಾಗದ ಬರೆದುಕೊಡುವುದು, ಕಚೇರಿಯಲ್ಲಿ ಹೆಸರು ನೋಂದಾಯಿಸುವುದು, ಊರಿಗೆ ಹಣ ಕಳಿಸುವುದು ಎಲ್ಲಕ್ಕೂ ಅವರು ಬೇಕಿತ್ತು. ಅವರ ಒಡನಾಡಿ ಷಾ ಅಬ್ದುಲ್ ಮಜೀದ್ ಕುರೇಷಿ 1938ರಲ್ಲಿ ಸೋಹೋದ ವಿಂಡ್‌ಮಿಲ್ ಸ್ಟ್ರೀಟಿನಲ್ಲಿ ದಿಲ್‌ಖುಷ್ ಎಂಬ ರೆಸ್ಟೋರೆಂಟ್ ತೆರೆದರು. ಎರಡು ವರ್ಷಕ್ಕೆ ಜರ್ಮನ್ ಬಾಂಬು ಅದನ್ನು ನೆಲಸಮ ಮಾಡಿತು. 1943ರಲ್ಲಿ ಇಬ್ಬರೂ ಸೇರಿ ಭಾರತೀಯ ನಾವಿಕರ ಕಲ್ಯಾಣ ಸಂಘವನ್ನು ಕಟ್ಟಿದರು. ಈ ತಲೆಮಾರಿನ ಸಿಲ್ಹೆಟ್ಟಿಗಳ ಬಾಯಿಮಾತಿನ ನೆನಪುಗಳನ್ನು ಕ್ಯಾರೊಲಿನ್ ಆಡಮ್ಸ್ ಸಂಗ್ರಹಿಸಿ 1987ರಲ್ಲಿ ಪುಸ್ತಕ ಮಾಡಿದ್ದರಿಂದ ಇಷ್ಟು ಉಳಿದಿದೆ.

ಯುದ್ಧ ಮುಗಿದಾಗ ಬ್ರಿಟನ್ನಿನ ಪೇಟೆಗಳಲ್ಲಿ ಬಾಂಬು ಬಿದ್ದ ಕಟ್ಟಡಗಳೂ ಮುಚ್ಚಿದ ಕೆಫೆಗಳೂ ಅಗ್ಗಕ್ಕೆ ಸಿಗುತ್ತಿದ್ದವು. ಮೀನು ಮತ್ತು ಆಲೂಗಡ್ಡೆ ಚಿಪ್ಸ್ ಮಾರುವ ಸಣ್ಣ ಅಂಗಡಿಗಳನ್ನು ಸಿಲ್ಹೆಟ್ಟಿಗಳು ಕೊಂಡರು. ಮೊದಲು ಹಳೆಯ ತಿಂಡಿಯನ್ನೇ ಮಾರುತ್ತ, ಪಕ್ಕದಲ್ಲಿ ಕರಿ ಅನ್ನವನ್ನೂ ಇಟ್ಟರು. ಪಬ್ಬುಗಳು ಕಾನೂನಿನ ಪ್ರಕಾರ ರಾತ್ರಿ ಹನ್ನೊಂದರ ಹೊತ್ತಿಗೆ ಬಾಗಿಲು ಹಾಕಬೇಕಿತ್ತು. ಕುಡಿದು ಹಸಿದು ಹೊರಬಂದವರಿಗೆ ಆ ಹೊತ್ತಿನಲ್ಲಿ ದೀಪ ಉರಿಯುತ್ತಿದ್ದುದು ಈ ಅಂಗಡಿಗಳಲ್ಲಿ ಮಾತ್ರ. ಅವರು ಬಿಸಿ ಬಿಸಿ ಕರಿಯನ್ನು ಚಿಪ್ಸ್ ಮೇಲೆ ಸುರಿಸಿಕೊಂಡು ತಿಂದರು, ಬರಬರುತ್ತ ಅನ್ನದ ಜೊತೆಯೂ ತಿಂದರು. 1962ರ ಕಾಮನ್‌ವೆಲ್ತ್ ವಲಸೆ ಕಾಯಿದೆ ಉದ್ಯೋಗ ವೋಚರ್ ಪದ್ಧತಿ ತಂದಾಗ ಹೋಟೆಲ್ ಮಾಲೀಕರು ತಮ್ಮ ಊರಿನ ತಮ್ಮಂದಿರನ್ನು, ಅಳಿಯಂದಿರನ್ನು ಕರೆಸಿಕೊಂಡರು. 1947ರಲ್ಲಿ ಸಿಲ್ಹೆಟ್ಟಿನ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಗಿತ್ತು, 1971ರಲ್ಲಿ ಅದು ಬಾಂಗ್ಲಾದೇಶವಾಯಿತು. ಬೋರ್ಡಿನ ಮೇಲೆ ಮಾತ್ರ ಇಂಡಿಯನ್ ರೆಸ್ಟೋರೆಂಟ್ ಎಂದೇ ಉಳಿಯಿತು, ಏಕೆಂದರೆ ಗಿರಾಕಿಗೆ ಗೊತ್ತಿದ್ದ ಹೆಸರು ಅದೇ.

ಈಗ ಅಡುಗೆಮನೆಯ ಲೆಕ್ಕ ನೋಡಬೇಕು. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಜನ ಕಡಿಮೆ, ಹನ್ನೊಂದರ ಮೇಲೆ ಒಮ್ಮೆಗೇ ನೂಕುನುಗ್ಗಲು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕರಿ ಬೇಕು. ಪ್ರತಿ ಕರಿಗೂ ಹೊಸದಾಗಿ ಈರುಳ್ಳಿ ಹೆಚ್ಚಿ, ಕೆಂಪಗೆ ಬಾಡಿಸಿ, ಮಾಂಸ ಬೇಯಿಸುವುದಾದರೆ ಒಬ್ಬನ ಊಟಕ್ಕೇ ಒಂದು ಗಂಟೆ. ಹತ್ತು ಬಗೆಯನ್ನು ಮೊದಲೇ ಮಾಡಿಟ್ಟರೆ ಅರ್ಧ ಹಳಸಿ ಚೆಲ್ಲಬೇಕಾಗುತ್ತದೆ. ಹೀಗಾಗಿ ಎಲ್ಲ ಕರಿಗೂ ಸಮಾನವಾದದ್ದು ಯಾವುದೋ ಅದನ್ನು ಬೆಳಗ್ಗೆಯೇ ಒಂದು ಕೊಳಗದಲ್ಲಿ ಬೇಯಿಸಿ, ಬೇರೆಯಾದದ್ದನ್ನು ಆರ್ಡರ್ ಬಂದ ಮೇಲೆ ಬಾಣಲೆಯಲ್ಲಿ ಸೇರಿಸುವ ಕ್ರಮ ಬೆಳೆಯಿತು. ಒಂದೇ ಹಿಟ್ಟು ಕಲಸಿಟ್ಟು ದೋಸೆ, ಉತ್ತಪ್ಪ, ಪಡ್ಡು ಹುಯ್ಯುವ ನಮ್ಮ ಮನೆಗಳಿಗೆ ಈ ಯೋಚನೆ ಹೊಸತೇನಲ್ಲ.

ಸಮಾನವಾದದ್ದು ಈರುಳ್ಳಿ. ಬ್ರಿಟನ್ನಿನಲ್ಲಿ ವರ್ಷವಿಡೀ ಅಗ್ಗವಾಗಿ ಸಿಗುತ್ತಿದ್ದ ಪದಾರ್ಥ ಅದು. ಮೈದಾ ಹಾಕದೆಯೇ ರಸಕ್ಕೆ ಮೈ ಬರುತ್ತದೆ, ಸಕ್ಕರೆ ಹಾಕದೆಯೇ ಸಿಹಿ ಬರುತ್ತದೆ. ಮಾಂಸದ ಸಾರು ಬೆರೆಸದ ಕಾರಣ ಹಲಾಲ್ ನೋಡುವವರಿಗೂ ಸಸ್ಯಾಹಾರಿಗೂ ಅದೇ ಕೊಳಗ ನಡೆಯುತ್ತದೆ. ಹುರಿಯದೆ ಬೇಯಿಸಿದ್ದರಲ್ಲಿ ದೊಡ್ಡ ಜಾಣತನವಿದೆ. ಇಪ್ಪತ್ತು ಕಿಲೋ ಈರುಳ್ಳಿಯನ್ನು ಕೆಂಪಗೆ ಹುರಿಯಲು ಒಬ್ಬ ಆಳು ಸೌಟು ಬಿಡದೆ ನಿಂತಿರಬೇಕು. ನೀರು ಹಾಕಿ ಮುಚ್ಚಿಟ್ಟರೆ ಅದು ತನ್ನಷ್ಟಕ್ಕೆ ಬೇಯುತ್ತದೆ, ಅಷ್ಟರಲ್ಲಿ ಆತ ಕೋಳಿ ಕತ್ತರಿಸಬಹುದು. ರುಚಿಯ ಕಾರಣವೂ ಇದೆ. ಹಸಿ ಈರುಳ್ಳಿಯನ್ನು ರುಬ್ಬಿದಾಗ ಅದರೊಳಗಿನ ಕಿಣ್ವಗಳು ಗಂಧಕದ ಘಾಟು ಹುಟ್ಟಿಸುತ್ತವೆ, ಆ ಪೇಸ್ಟನ್ನು ಎಷ್ಟು ಹುರಿದರೂ ಒಂದು ಕಹಿ ಉಳಿದುಬಿಡುತ್ತದೆ. ಮೊದಲು ಬೇಯಿಸಿದರೆ ಕಿಣ್ವ ಸಾಯುತ್ತದೆ. ಆಮೇಲೆ ರುಬ್ಬಿದ್ದು ಬೆಣ್ಣೆಯಷ್ಟು ನುಣುಪು, ಸಿಹಿ.

ಕೊಳಗದ ಒಳಗೆ ಏನೇನಿರುತ್ತದೆ ಎಂಬುದು ಮನೆಯಿಂದ ಮನೆಗೆ ಬದಲಾದರೂ ಮೂಲ ಒಂದೇ. ಸುಲಿದು ದಪ್ಪಗೆ ಹೆಚ್ಚಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಒಂದಿಷ್ಟು ಕ್ಯಾರೆಟ್, ಎಲೆಕೋಸು, ದೊಣ್ಣೆಮೆಣಸಿನಕಾಯಿ, ಉಪ್ಪು, ಎಣ್ಣೆ, ಮುಳುಗುವಷ್ಟು ನೀರು. ಗಂಟೆಗಟ್ಟಲೆ ಕುದ್ದು ಈರುಳ್ಳಿ ಬೆರಳಲ್ಲಿ ಒತ್ತಿದರೆ ಕರಗುವಂತಾದಾಗ ಟೊಮೆಟೊ, ಅರಿಶಿನ, ಜೀರಿಗೆ, ಕೊತ್ತಂಬರಿ, ಪ್ಯಾಪ್ರಿಕಾ ಪುಡಿಗಳು ಬೀಳುತ್ತವೆ. ಉದ್ದ ಹಿಡಿಯ ಯಂತ್ರದಿಂದ ಅದನ್ನು ಕೊಳಗದಲ್ಲೇ ರುಬ್ಬುತ್ತಾರೆ. ಮತ್ತೆ ಸಣ್ಣ ಉರಿಯಲ್ಲಿ ಕುದಿಸುವಾಗ ಮೇಲೆ ನೊರೆ ಬರುತ್ತದೆ, ಅದನ್ನು ತೆಗೆದು ಎಸೆಯುತ್ತಾರೆ. ನೊರೆ ನಿಂತ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ತೇಲುತ್ತದೆ, ಅದನ್ನು ಮಾತ್ರ ಸೌಟಿನಲ್ಲಿ ಜೋಪಾನವಾಗಿ ತೆಗೆದಿಡುತ್ತಾರೆ. ರಾತ್ರಿಯ ಪ್ರತಿ ಕರಿಯೂ ಆ ಮಸಾಲೆ ಎಣ್ಣೆಯಿಂದಲೇ ಶುರುವಾಗುತ್ತದೆ. ಕೊಳಗದಲ್ಲಿ ಉಳಿದ ರಸ ಹಾಲಿನಷ್ಟು ತೆಳ್ಳಗಿರಬೇಕು. ಗಟ್ಟಿಯಿದ್ದರೆ ಬಾಣಲೆಯಲ್ಲಿ ತಳ ಹಿಡಿಯುತ್ತದೆ.

ಅಡುಗೆಯವನ ಕೈಚಳಕ ಕಾಣುವುದು ಬಾಣಲೆಯಲ್ಲಿ. ಉದ್ದ ಹಿಡಿಯ ಅಲ್ಯುಮಿನಿಯಂ ಬಾಣಲೆ, ಜೋರು ಉರಿ. ಮಸಾಲೆ ಎಣ್ಣೆ ಕಾದ ಮೇಲೆ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಮೊದಲೇ ಬೆರೆಸಿಟ್ಟ ಮಿಕ್ಸ್ ಪೌಡರ್, ನೀರಲ್ಲಿ ಕದಡಿದ ಟೊಮೆಟೊ ಪೇಸ್ಟ್. ಪುಡಿ ಕಪ್ಪಾಗುವ ಮುನ್ನ ಒಂದು ಸೌಟು ಬಿಸಿ ಗ್ರೇವಿ ಬಿದ್ದು ಚೊಂಯ್ ಎನ್ನುತ್ತದೆ. ಅದನ್ನು ಕಲಕದೆ ಕುದಿಯಲು ಬಿಡುತ್ತಾರೆ. ಅಂಚಿನಲ್ಲಿ ಈರುಳ್ಳಿಯ ಸಕ್ಕರೆ ಕಂದು ಬಣ್ಣಕ್ಕೆ ಅಂಟಿಕೊಂಡಾಗ ಕೆರೆದು ರಸಕ್ಕೆ ಸೇರಿಸಿ ಇನ್ನೊಂದು ಸೌಟು, ಮತ್ತೆ ಕೆರೆದು ಮತ್ತೊಂದು. ಬೇಯಿಸುವಾಗ ಉಳಿಸಿದ ಹುರಿಯುವ ಕೆಲಸ ಇಲ್ಲಿ ಕೆಲವೇ ನಿಮಿಷಗಳಲ್ಲಿ ಆಗಿಹೋಗುತ್ತದೆ. ಕರಿ ಹೌಸಿನ ಆ ಹೊಗೆಗಂಪಿನ ರುಚಿ ಹುಟ್ಟುವುದು ಈ ಅಂಚಿನಲ್ಲಿ. ಕೊಳಗಕ್ಕಿಂತ ಬಾಣಲೆಗೇ ಹೆಚ್ಚು ಅಭ್ಯಾಸ ಬೇಕು ಎಂಬುದನ್ನು ಟೀಕಿಸುವವರು ಮರೆಯುತ್ತಾರೆ.

ಆಮೇಲೆ ದಾರಿಗಳು ಕವಲೊಡೆಯುತ್ತವೆ. ತೆಂಗಿನ ಪುಡಿ, ಸಕ್ಕರೆ, ಕೆನೆ ಬಿದ್ದರೆ ಕೊರ್ಮಾ. ಅಚ್ಚಖಾರದ ಪುಡಿ, ನಿಂಬೆರಸ ಬಿದ್ದರೆ ಮದ್ರಾಸ್. ಇನ್ನಷ್ಟು ಖಾರ, ವಿನೆಗರ್, ಬೇಯಿಸಿದ ಆಲೂಗಡ್ಡೆ ಸೇರಿದರೆ ವಿಂದಾಲು. ಬೆಂದ ಬೇಳೆಯ ಜೊತೆ ಹುಳಿ ಸಿಹಿ ಬೆರೆತರೆ ಧನಸಾಕ್. ಗೋವಾ ಮತ್ತು ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಮೆಣಸಿನಕಾಯಿಯನ್ನು ವಿನೆಗರಿನಲ್ಲಿ ಅರೆದು ಹಂದಿಮಾಂಸಕ್ಕೆ ಹಾಕುವ ವಿಂದಾಲು ಇದಕ್ಕೆ ದೂರದ ನೆಂಟ ಅಷ್ಟೇ. ಅದನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆ ಆಗುತ್ತದೆ. ಈ ಕರಿಗಳನ್ನು ಅವು ಹೆಸರು ಪಡೆದ ಊರುಗಳ ಅಡುಗೆ ಎಂದು ತೂಗದೆ, ಬ್ರಿಟನ್ನಿನಲ್ಲಿ ಹುಟ್ಟಿದ ಒಂದು ಪ್ರತ್ಯೇಕ ಅಡುಗೆ ಎಂದು ಉಣ್ಣುವುದು ನ್ಯಾಯ.

ಇದನ್ನು ಮಾಡುತ್ತಿದ್ದವರು ತಾವು ಇದನ್ನು ಉಣ್ಣುತ್ತಿರಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಸಿಲ್ಹೆಟ್ಟಿನ ಮನೆಯೂಟ ಎಂದರೆ ಹೊಳೆ ಮೀನು, ಒಣಮೀನು, ಶಾತ್ಕೊರಾ ಎಂಬ ದಪ್ಪ ಸಿಪ್ಪೆಯ ಹುಳಿಹಣ್ಣು ಹಾಕಿದ ಮಾಂಸ. ಹೋಟೆಲಿನ ಕೆಲಸಗಾರರು ತಮಗಾಗಿ ಮೂಳೆ ಸಹಿತದ ಮಾಂಸವನ್ನು ಬೇರೆ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿಕೊಳ್ಳುತ್ತಿದ್ದರು. ಅದಕ್ಕೆ ಸ್ಟಾಫ್ ಕರಿ ಎಂದು ಹೆಸರು. ಅದು ಮೆನುವಿನಲ್ಲಿ ಇರುತ್ತಿರಲಿಲ್ಲ, ವಿಷಯ ಬಲ್ಲ ಗಿರಾಕಿಗಳು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಅತ್ತ ಭಾರತದಲ್ಲೂ ಇದೇ ಅಗತ್ಯ ಇನ್ನೊಂದು ರೂಪದಲ್ಲಿ ಬೆಳೆಯಿತು. ದೇಶ ಒಡೆದಾಗ ಪೇಶಾವರದಿಂದ ದೆಹಲಿಗೆ ಬಂದವರು 1947ರಲ್ಲಿ ದರಿಯಾಗಂಜಿನಲ್ಲಿ ಮೋತಿ ಮಹಲ್ ತೆರೆದರು. ತಂದೂರಿ ಕೋಳಿಯನ್ನು ಟೊಮೆಟೊ, ಬೆಣ್ಣೆ, ಕೆನೆಯ ರಸದಲ್ಲಿ ಅದ್ದುವ ಬಟರ್ ಚಿಕನ್ ಅಲ್ಲಿಂದ ದೇಶವೆಲ್ಲ ಹಬ್ಬಿತು. ಅದನ್ನು ಕಂಡುಹಿಡಿದವರು ಯಾರು ಎಂಬ ವ್ಯಾಜ್ಯ 2024ರಲ್ಲಿ ದೆಹಲಿ ಹೈಕೋರ್ಟಿಗೂ ಹೋಯಿತು. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಗ್ರೇವಿಗಳು ಪಾಠವೇ ಆದವು. ಟೊಮೆಟೊದ ಮಖನಿ, ಬೇಯಿಸಿದ ಈರುಳ್ಳಿ ಗೋಡಂಬಿಯ ಬಿಳಿ ಗ್ರೇವಿ, ಹುರಿದ ಈರುಳ್ಳಿಯ ಕಂದು ಗ್ರೇವಿ, ಅರಿಶಿನದ ಹಳದಿ ಗ್ರೇವಿ. ಬೆಂಗಳೂರಿನ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿ ದೋಸೆ ಮುಗಿದು ನಾರ್ತ್ ಇಂಡಿಯನ್ ಸೆಕ್ಷನ್ ಶುರುವಾದಾಗ ಪನೀರ್ ಬಟರ್ ಮಸಾಲಾ, ಮಲಾಯಿ ಕೋಫ್ತಾ, ವೆಜ್ ಕಡಾಯಿ ಇಷ್ಟು ಬೇಗ ಬರುವುದು ಇಂಥ ಗ್ರೇವಿಗಳಿಂದಲೇ. ನಮ್ಮಲ್ಲಿ ಮೂರು ನಾಲ್ಕು ಪಾತ್ರೆ, ಅಲ್ಲಿ ಒಂದೇ ಕೊಳಗ. ವ್ಯತ್ಯಾಸ ಇಷ್ಟೇ.

ಬ್ರಿಟನ್ನಿನಲ್ಲಿ ರಸದ ಹಸಿವು ಎಷ್ಟಿತ್ತೆಂದರೆ ಒಣ ತಿಂಡಿಯೂ ಅದರಲ್ಲಿ ಮುಳುಗಬೇಕಾಯಿತು. ಚಿಕನ್ ಟಿಕ್ಕಾ ಮಸಾಲಾದ ಹುಟ್ಟಿನ ಬಗ್ಗೆ ಹಲವು ವಾದಗಳಿವೆ. ಅದರಲ್ಲಿ ಹೆಸರುವಾಸಿಯಾದದ್ದು ಗ್ಲಾಸ್ಗೋದ ಶೀಶ್ ಮಹಲಿನ ಅಲಿ ಅಹಮದ್ ಅಸ್ಲಮ್ ಅವರದು. 1970ರ ದಶಕದಲ್ಲಿ ಗಿರಾಕಿಯೊಬ್ಬ ಟಿಕ್ಕಾ ಒಣಗಿದೆ ಎಂದಾಗ ಡಬ್ಬಿಯ ಟೊಮೆಟೊ ಸೂಪಿನಿಂದ ರಸ ಮಾಡಿ ಕೊಟ್ಟೆ ಎಂದು ಅವರು ಹೇಳುತ್ತಿದ್ದರು. 2022ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2001ರಲ್ಲಿ ಆಗಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಇದೇ ತಿನಿಸನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಭಕ್ಷ್ಯ ಎಂದು ಕರೆದಿದ್ದರು.

ಮನೆಯಲ್ಲಿ ಮಾಡಿದ ಕರಿಗೆ ಹೋಟೆಲಿನ ರುಚಿ ಏಕೆ ಬರುವುದಿಲ್ಲ ಎಂಬುದು ಬ್ರಿಟಿಷ್ ಮನೆಗಳ ಹಳೆಯ ಪ್ರಶ್ನೆ. ಕೀನ್ಯಾದಿಂದ 1956ರಲ್ಲಿ ಬಂದ ಲಕ್ಷ್ಮೀಶಂಕರ್ ಪಾಠಕ್ ಅವರ ಕುಟುಂಬ ಕಟ್ಟಿದ ಪಟಾಕ್ಸ್ ಕಂಪನಿಯ ಮಸಾಲೆ ಪೇಸ್ಟಿನ ಬಾಟಲಿಗಳು ಒಂದು ಮಟ್ಟಿಗೆ ಉತ್ತರ ಕೊಟ್ಟವು. 1982ರಲ್ಲಿ ಪ್ಯಾಟ್ ಚಾಪ್‌ಮನ್ ಕರಿ ಕ್ಲಬ್ ಆರಂಭಿಸಿ, ಹೋಟೆಲ್ ಪದ್ಧತಿಗಳನ್ನು ಪುಸ್ತಕಗಳಲ್ಲಿ ಬರೆಯತೊಡಗಿದ. 1989ರಲ್ಲಿ ಬಂದ ಕ್ರಿಸ್ ಢಿಲ್ಲೋನ್ ಅವರ ಸಣ್ಣ ಪುಸ್ತಕ ದಿ ಕರಿ ಸೀಕ್ರೆಟ್, ಈರುಳ್ಳಿ ಬೇಯಿಸಿ ರುಬ್ಬುವ ಕ್ರಮವನ್ನೇ ಎಲ್ಲದರ ಬುನಾದಿ ಎಂದು ಬಿಡಿಸಿ ಹೇಳಿತು. ಅಲ್ಲಿಯವರೆಗೆ ಸೋದರಮಾವನಿಂದ ಅಳಿಯನಿಗೆ, ಹಳೆಯ ಭಟ್ಟನಿಂದ ಪಾತ್ರೆ ತೊಳೆಯುವ ಹುಡುಗನಿಗೆ ಬಾಯಿಯಿಂದ ಬಾಯಿಗೆ ಸಾಗಿದ್ದ ವಿದ್ಯೆ ಮನೆಮನೆಯ ಒಲೆಗೆ ಬಂತು.

ನಮ್ಮ ಮನೆಗಳಲ್ಲಿ ಇದನ್ನು ಮಾಡುವುದು ಕಷ್ಟವಿಲ್ಲ. ಒಂದು ಕಿಲೋ ಈರುಳ್ಳಿಗೆ ಎರಡಿಂಚು ಶುಂಠಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಸಣ್ಣ ಕ್ಯಾರೆಟ್, ಅರ್ಧ ದೊಣ್ಣೆಮೆಣಸಿನಕಾಯಿ, ಅರ್ಧ ಲೋಟ ಎಣ್ಣೆ, ಒಂದು ಚಮಚ ಉಪ್ಪು ಹಾಕಿ, ಮುಳುಗುವಷ್ಟು ನೀರಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಎರಡು ಟೊಮೆಟೊ, ಒಂದೊಂದು ಚಮಚ ಅರಿಶಿನ, ಜೀರಿಗೆ ಪುಡಿ, ಕೊತ್ತಂಬರಿ ಪುಡಿ ಸೇರಿಸಿ ಇನ್ನಷ್ಟು ಕುದಿಸಿ, ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಹಾಲಿನ ಹದಕ್ಕೆ ನೀರು ಬೆರೆಸಿ ಎಣ್ಣೆ ತೇಲುವವರೆಗೆ ಮತ್ತೆ ಕುದಿಸಬೇಕು. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರುತ್ತದೆ, ಎಚ್ಚರ. ಪ್ಯಾಪ್ರಿಕಾ ಹುಡುಕಬೇಕಾಗಿಲ್ಲ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಪುಡಿ ಆ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ. ಒಬ್ಬರ ಕರಿಗೆ ಒಂದೂವರೆ ಲೋಟ ಗ್ರೇವಿ ಸಾಕು, ಉಳಿದದ್ದನ್ನು ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡಬಹುದು. ಬಾಣಲೆಗೆ ಹಾಕುವಾಗ ಗ್ರೇವಿ ಬಿಸಿಯಿರಲಿ, ಉರಿ ದೊಡ್ಡದಿರಲಿ, ಸೌಟು ಸೌಟಾಗಿ ಹಾಕಿ ಅಂಚು ಕೆರೆಯುವುದನ್ನು ಬಿಡಬೇಡಿ.

ಬ್ರಿಟನ್ನಿನ ಹಳೆಯ ಕರಿ ಹೌಸುಗಳು ಈಗ ಒಂದೊಂದಾಗಿ ಮುಚ್ಚುತ್ತಿವೆ. ವೀಸಾ ನಿಯಮ ಬಿಗಿಯಾಗಿ ಹೊಸ ಅಡುಗೆಯವರು ಬರುತ್ತಿಲ್ಲ. ಓದಿಕೊಂಡ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅಪ್ಪಂದಿರೂ ಅದನ್ನೇ ಬಯಸಿದ್ದರು. ನಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳು ಮಖನಿ, ಬಿಳಿ ಗ್ರೇವಿಗಳ ಸಾಲಿನಲ್ಲಿ ಈ ಕೊಳಗವನ್ನೂ ಕಲಿಸಬೇಕು, ಕಲಿಸುವಾಗ ಸಿಲ್ಹೆಟ್ಟಿನ ನಾವಿಕರ ಹೆಸರನ್ನೂ ಹೇಳಬೇಕು. ಕ್ಯಾರೊಲಿನ್ ಆಡಮ್ಸ್ ಮೊದಲ ತಲೆಮಾರಿನವರ ಮುಂದೆ ಕುಳಿತು ಬರೆದುಕೊಂಡ ಹಾಗೆ, ಬಾಣಲೆಯ ಮುಂದೆ ಆಯುಷ್ಯ ಕಳೆದ ಎರಡನೆಯ ತಲೆಮಾರಿನ ಅಡುಗೆಯವರ ಮಾತನ್ನೂ ಯಾರಾದರೂ ಈಗಲೇ ಬರೆದಿಟ್ಟುಕೊಳ್ಳಬೇಕು.